ದಾನವೂ ಪಾಲನವೂ: ಬನ್ನೂರು ಸೀಮೆಯ ನೀರು ಮರಳುಗಳ ಹೊಣೆಯನ್ನು ಕುರಿತ ವಿಚಾರ

೧

ಪ್ರಕೃತಿಸಂಪತ್ತನ್ನು ಕಾಪಾಡಬೇಕೆಂಬ ಮಾತನ್ನು ಈಗ ಒಪ್ಪದವರಿಲ್ಲ. ಪಾಠಪುಸ್ತಕಗಳಲ್ಲಿಯೂ ಸಭೆಗಳಲ್ಲಿಯೂ ಸರ್ಕಾರದ ಪ್ರಕಟನೆಗಳಲ್ಲಿಯೂ ಇದನ್ನು ಪದೇ ಪದೇ ಕೇಳುತ್ತಿರುವೆವು. ಆದರೆ ಮಾತು ಸರ್ವಸಮ್ಮತವಾದಷ್ಟೂ ಕೆಲಸವು ಯಾರ ಪಾಲಿಗೆ ಬಂದುದೆಂಬ ವಿಚಾರವು ಮಸುಕಾಗುತ್ತ ಬಂದಿರುವುದು. ಕೆರೆಯಲ್ಲಿ ಹೂಳು ತುಂಬಿದರೆ ತೆಗೆಯತಕ್ಕವರು ಯಾರು? ಕಾಲುವೆಯ ಮೇಲ್ಭಾಗದವನು ನೀರನ್ನೆಲ್ಲ ತನ್ನ ಗದ್ದೆಗೆ ತಿರುಗಿಸಿಕೊಂಡರೆ ಕೇಳತಕ್ಕವರು ಯಾರು? ಹೊಳೆಯ ಮರಳು ರಾತ್ರೋರಾತ್ರಿ ಮಾಯವಾದರೆ ಉತ್ತರ ಹೇಳತಕ್ಕವರು ಯಾರು? ಎಲ್ಲರೂ ಎಂಬ ಉತ್ತರವು ಬಾಯಿಗೆ ಬರುವುದು ಸುಲಭ. ಆದರೆ ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರಾರು ಎಂಬ ಗಾದೆಯು ಇಲ್ಲಿಯೂ ಸಲ್ಲುವುದು.

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಚರ್ಚಿಸುವುದಕ್ಕಿಂತ ಒಂದು ಸೀಮೆಯನ್ನು ಹಿಡಿದು ನೋಡುವುದು ಮೇಲು. ಅದಕ್ಕಾಗಿ ಮೈಸೂರಿಗೆ ಸುಮಾರು ೨೫ ಕಿಲೋಮೀಟರು ದೂರದಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿಗೆ ಸೇರಿದ ಬನ್ನೂರನ್ನೂ ಅದರ ನೆರೆಹೊರೆಯನ್ನೂ ಇಲ್ಲಿ ಆರಿಸಿಕೊಂಡಿದೆ. ಕಾವೇರಿಯು ಶ್ರೀರಂಗಪಟ್ಟಣವನ್ನು ಬಿಟ್ಟು ಬನ್ನೂರಿನ ಬಯಲನ್ನೂ ಸೋಮನಾಥಪುರದ ನೆರೆಯನ್ನೂ ಹಾದು, ನಂಜನಗೂಡಿನಿಂದ ಬರುವ ಕಪಿಲೆಯನ್ನು ತಿರುಮಕೂಡಲಿನಲ್ಲಿ ಕೂಡಿಕೊಂಡು, ತಲಕಾಡಿನ ತಿರುವಿಗೆ ಬರುವಳು. ಇಷ್ಟು ಸಣ್ಣ ಹರವಿನಲ್ಲಿ ಕೆರೆಯ ಬೇಸಾಯ, ಕಾಲುವೆಯ ಬೇಸಾಯ, ಹಳೆಯ ಅಣೆಕಟ್ಟುಗಳು, ಮರಳಿನಲ್ಲಿ ಹೂತುಹೋದ ರಾಜಧಾನಿ, ಇವೆಲ್ಲವೂ ಒಟ್ಟಿಗೆ ದೊರೆಯುವುವು. ಹೊಣೆಯ ವಿಚಾರದಲ್ಲಿ ನಮ್ಮ ಹಿರಿಯರು ಏನೆಂದುಕೊಂಡಿದ್ದರು, ಎಲ್ಲಿ ಸರಿಹೋದರು, ಎಲ್ಲಿ ತಪ್ಪಿದರು ಎಂಬುದನ್ನು ತಿಳಿಯಲು ಇದಕ್ಕಿಂತ ಅನುಕೂಲವಾದ ಸ್ಥಳವು ಅಪರೂಪ.

೨

ಮೊದಲು ಕೆರೆಯನ್ನು ನೋಡೋಣ. ಬನ್ನೂರಿನ ದೊಡ್ಡ ಕೆರೆಗೆ ಹೆಗ್ಗೆರೆಯೆಂದು ಹೆಸರು. ಹಿರಿದಾದ ಕೆರೆಯೇ ಹೆಗ್ಗೆರೆ. ಹೆಸರೇ ಅದರ ಹಳಮೆಯನ್ನು ಸೂಚಿಸುವುದು. ನಮ್ಮ ನಾಡಿನ ಕೆರೆಯೆಂಬುದು ಅಗೆದ ಹಳ್ಳವಲ್ಲ. ಇಳಿಜಾರಾದ ನೆಲಕ್ಕೆ ಅಡ್ಡಲಾಗಿ ಮಣ್ಣಿನ ಏರಿಯನ್ನು ಹಾಕಿ, ನೀರನ್ನು ಬಿಡಲು ತೂಬನ್ನೂ, ಹೆಚ್ಚಿದ ನೀರು ಅಪಾಯವಿಲ್ಲದೆ ಹರಿದುಹೋಗಲು ಕೋಡಿಯನ್ನೂ ಕಟ್ಟಿ, ಏರಿಯ ಕೆಳಗೆ ಅಚ್ಚುಕಟ್ಟನ್ನು ಏರ್ಪಡಿಸುವುದೇ ಕೆರೆಯನ್ನು ಕಟ್ಟಿಸುವ ಕ್ರಮ. ಹೀಗೆ ಕಟ್ಟಿದ ಕೆರೆಯು ಕಟ್ಟಿದ ದಿನದಿಂದಲೇ ಕೆಡಲು ಮೊದಲುಮಾಡುವುದು. ಮಳೆಗಾಲದ ಪ್ರತಿಯೊಂದು ಹೊನಲೂ ಮೇಲಿನ ಹೊಲಗಳ ಮಣ್ಣನ್ನು ತಂದು ಅಂಗಳದಲ್ಲಿ ಇಳಿಸುವುದು. ಏರಿಯ ಮೇಲೆ ಬೆಳೆದ ಗಿಡಗಳ ಬೇರು ಮಣ್ಣನ್ನು ಸಡಿಲಿಸುವುದು. ಇಲಿ ಏಡಿಗಳು ಬಿಲ ತೋಡುವುವು. ಕೋಡಿಗೆ ಕಸ ಕಟ್ಟುವುದು. ಈ ಹಾನಿಯು ಯಾವ ಒಂದು ವರ್ಷದಲ್ಲಿಯೂ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ. ಆದುದರಿಂದಲೇ ಅದು ಅಪಾಯಕರವಾದುದು. ಕಟ್ಟುವ ಕೆಲಸವು ಒಮ್ಮೆ ಮುಗಿಯತಕ್ಕುದು. ಕಾಪಾಡುವ ಕೆಲಸವು ಎಂದಿಗೂ ಮುಗಿಯದು.

ನಮ್ಮ ಶಾಸನಕರ್ತರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮೈಸೂರು ಸೀಮೆಯ ಶಾಸನಗಳನ್ನು ಬಿ. ಎಲ್. ರೈಸರು ಸಂಗ್ರಹಿಸಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ೩ನೆಯ ಸಂಪುಟವು ೧೮೯೪ರಲ್ಲಿ ಹೊರಬಂದಿತು. ತಿರುಮಕೂಡಲು ನರಸೀಪುರ, ನಂಜನಗೂಡು ತಾಲ್ಲೂಕುಗಳ ಶಾಸನಗಳು ಅದರಲ್ಲಿರುವುವು. ಕನ್ನಡನಾಡಿನ ಶಾಸನಗಳನ್ನು ಓದುವವರಿಗೆ ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಗೊಡಗೆ ಎಂಬ ಮಾತುಗಳು ಪರಿಚಿತವಾಗಿರುವುವು. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಅದರ ರಕ್ಷಣೆಯನ್ನು ವಹಿಸಿಕೊಂಡವನಿಗೆ ಅಚ್ಚುಕಟ್ಟಿನಲ್ಲಿ ಒಂದು ಪಾಲು ಭೂಮಿಯನ್ನಾಗಲಿ, ಉತ್ಪತ್ತಿಯಲ್ಲಿ ಒಂದು ಭಾಗವನ್ನಾಗಲಿ ಬಿಟ್ಟುಕೊಡುತ್ತಿದ್ದ ಪದ್ಧತಿಗೆ ಈ ಹೆಸರುಗಳು.

ಈ ಏರ್ಪಾಟಿನಲ್ಲಿ ಗಮನಿಸತಕ್ಕ ಅಂಶಗಳು ನಾಲ್ಕು. ಮೊದಲನೆಯದಾಗಿ, ಹೊಣೆಗೆ ಒಬ್ಬ ಒಡೆಯನುಂಟು. ಅವನ ಹೆಸರು ಕಲ್ಲಿನಲ್ಲಿರುವುದು. ಎರಡನೆಯದಾಗಿ, ಕೆಲಸವು ಗೊತ್ತಾದುದು. ಈ ಕೆರೆ, ಈ ತೂಬು, ಈ ಏರಿ ಎಂದು ತೋರಿಸಬಹುದಾದುದು. ಮೂರನೆಯದಾಗಿ, ಕೆಲಸಕ್ಕೆ ಪ್ರತಿಫಲವುಂಟು. ಆ ಪ್ರತಿಫಲವು ಕೆರೆಯ ಕೆಳಗಣ ಗದ್ದೆಯಾದುದರಿಂದ ಕೆರೆಯು ಹಾಳಾದರೆ ಅವನ ಗದ್ದೆಯೂ ಒಣಗುವುದು. ಕರ್ತವ್ಯವನ್ನೂ ಸ್ವಂತ ಲಾಭವನ್ನೂ ಒಂದೇ ನೀರಿನಿಂದ ಬೆಸೆದಿರುವ ಈ ಜಾಣ್ಮೆಯು ಮೆಚ್ಚತಕ್ಕುದು. ನಾಲ್ಕನೆಯದಾಗಿ, ಸಾಕ್ಷಿಗಳುಂಟು, ಶಾಸನವು ಅರಮನೆಯ ಕಡತದಲ್ಲಿ ಅಡಗದೆ ಊರವರ ಕಣ್ಣೆದುರಿಗೆ ನಿಂತಿರುವುದು.

ಇವುಗಳಿಗೆ ಐದನೆಯದೊಂದನ್ನು ಸೇರಿಸಬಹುದು. ಶಾಸನಗಳ ಕಡೆಯಲ್ಲಿ ಬರುವ ಶಾಪವಾಕ್ಯಗಳನ್ನು ಓದುಗರು ಸಾಮಾನ್ಯವಾಗಿ ರೂಢಿಯ ಮಾತೆಂದು ಬಿಟ್ಟುಬಿಡುವರು. ಧರ್ಮವನ್ನು ಕೆಡಿಸಿದವನು ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುವನೆಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ಅದರೊಡನೆ ಎಷ್ಟೋ ಶಾಸನಗಳಲ್ಲಿ ಬರುವ ಇನ್ನೊಂದು ಸಂಸ್ಕೃತವಾಕ್ಯದ ತಾತ್ಪರ್ಯವು, ದಾನ ಪಾಲನಗಳೆರಡರಲ್ಲಿ ಪಾಲನವೇ ಮಿಗಿಲು. ಕೊಟ್ಟವನಿಗೆ ಸ್ವರ್ಗ, ಕಾಪಾಡಿದವನಿಗೆ ಚ್ಯುತಿಯಿಲ್ಲದ ಪದ, ಎಂಬುದು. ಕಟ್ಟಿಸಿದವನ ಕೀರ್ತಿಗಿಂತ ಕಾಪಾಡಿದವನ ಪುಣ್ಯವು ದೊಡ್ಡದೆಂದು ಕಟ್ಟಿಸಿದವನೇ ಕಲ್ಲಿನಲ್ಲಿ ಬರೆಯಿಸಿ ಹೋಗಿರುವುದು ಸಾಮಾನ್ಯವಾದ ಸಂಗತಿಯಲ್ಲ. ಅವನಿಗೆ ಗೊತ್ತಿದ್ದಿತು: ತಾನು ಸತ್ತಮೇಲೆ ಕೆರೆಯ ಅಳಿವು ಉಳಿವು ತಾನು ಕಾಣದ ಜನರ ಕೈಯಲ್ಲಿರುವುದೆಂದು.

೩

ಕೆರೆಯನ್ನೂ ಕಾಲುವೆಯನ್ನೂ ದಿನದಿನವೂ ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಗ್ರಾಮದ ಹನ್ನೆರಡು ಮಂದಿ ಆಯಗಾರರಲ್ಲಿ ಅವನೂ ಒಬ್ಬನು. ತೂಬನ್ನು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ಗೊತ್ತುಮಾಡುವುದು, ಏರಿಯಲ್ಲಿ ಒಸರು ಕಂಡರೆ ಊರಿಗೆ ತಿಳಿಸುವುದು, ಇವು ಅವನ ಕೆಲಸ. ಸುಗ್ಗಿಯಲ್ಲಿ ಕಣದ ಧಾನ್ಯದಲ್ಲಿ ಅವನಿಗೆ ಆಯವು ಸಲ್ಲುತ್ತಿದ್ದಿತು. ರೈತರಿಗಾದರೋ ಹೂಳೆತ್ತುವುದು ಬರಿಯ ಬಿಟ್ಟಿಯ ಕೆಲಸವಾಗಿರಲಿಲ್ಲ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಅಂಗಳದ ಗೋಡುಮಣ್ಣನ್ನು ಬಂಡಿಗಳಲ್ಲಿ ತುಂಬಿ ತಮ್ಮ ಹೊಲಗಳಿಗೆ ಗೊಬ್ಬರವಾಗಿ ಹಾಕಿಕೊಳ್ಳುತ್ತಿದ್ದರು. ಮಳೆಯು ಮೇಲಿನ ಹೊಲದಿಂದ ಕದ್ದ ಸಾರವು ಈ ರೀತಿಯಲ್ಲಿ ಹೊಲಕ್ಕೇ ಮರಳುತ್ತಿದ್ದಿತು, ಕೆರೆಯೂ ಆಳವಾಗುತ್ತಿದ್ದಿತು. ರಾಸಾಯನಿಕ ಗೊಬ್ಬರದ ಚೀಲವು ಅಂಗಡಿಯಲ್ಲಿ ದೊರೆಯಲು ಮೊದಲಾದಮೇಲೆ ಈ ಬಂಡಿಗಳು ನಿಂತುವು. ಹೂಳು ಉಳಿಯಿತು. ಹೂಳೆತ್ತುವುದನ್ನು ಯಾರೂ ನಿಷೇಧಿಸಲಿಲ್ಲ. ಅದರಿಂದ ಬರುತ್ತಿದ್ದ ಲಾಭದ ಕೊಂಡಿ ಮಾತ್ರ ಕಳಚಿತು.

ಆದರೆ ಹಳೆಯದೆಲ್ಲವೂ ಒಳ್ಳೆಯದೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ನೀರುಗಂಟಿ, ತೋಟಿ, ತಳವಾರ ಮೊದಲಾದ ಚಾಕರಿಗಳು ಹುಟ್ಟಿನಿಂದ ಬಂದುವು. ಅವುಗಳಲ್ಲಿ ಬಹುಮಟ್ಟಿನ ದುಡಿಮೆಯು ಕೆಳಗಿನವರೆಂದು ತಳ್ಳಲ್ಪಟ್ಟ ಜಾತಿಗಳ ಪಾಲಿಗೆ ಬಂದಿದ್ದಿತು. ಎಲ್ಲರ ಗದ್ದೆಗೂ ನೀರು ಹಾಯಿಸಿದವನಿಗೆ ತನ್ನದೆಂಬ ಗದ್ದೆಯಿಲ್ಲದಿದ್ದುದೂ, ಕೆರೆಯ ಏರಿಗೆ ಮಣ್ಣು ಹೊತ್ತವರು ಅದೇ ಕೆರೆಯ ನೀರನ್ನು ಮುಟ್ಟಕೂಡದೆಂಬ ಕಟ್ಟಳೆಯಿದ್ದುದೂ ನಮ್ಮ ಗ್ರಾಮಚರಿತ್ರೆಯ ಮರೆಯಬಾರದ ಭಾಗಗಳು. ಪಾಲನದ ಪುಣ್ಯವನ್ನು ಒಬ್ಬರೂ, ಅದರ ಬೆವರನ್ನು ಮತ್ತೊಬ್ಬರೂ ಹಂಚಿಕೊಂಡ ವ್ಯವಸ್ಥೆಯು ಧರ್ಮವೆನಿಸಲಾರದು. ಆದಕಾರಣ ೧೯೬೧ರ ಗ್ರಾಮ ಚಾಕರಿಗಳ ರದ್ದಿಯಾತಿ ಕಾನೂನು ಈ ಪಾರಂಪರಿಕ ಚಾಕರಿಗಳನ್ನು ತೆಗೆದುಹಾಕಿದುದು ನ್ಯಾಯವೇ ಸರಿ.

ಇಲ್ಲಿ ವಿಚಾರಮಾಡತಕ್ಕುದು ಬೇರೊಂದುಂಟು. ಚಾಕರಿಯು ರದ್ದಾಯಿತು, ಅದರೊಳಗಿದ್ದ ಕೆಲಸವು ರದ್ದಾಗಲಿಲ್ಲ. ಮೈಸೂರು ಸಂಸ್ಥಾನದಲ್ಲಿ ೧೯೧೧ರಲ್ಲಿ ಕೆರೆ ಪಂಚಾಯತಿಗಳ ರೆಗ್ಯುಲೇಷನ್ನು ಜಾರಿಗೆ ಬಂದುದು ಅಚ್ಚುಕಟ್ಟುದಾರರನ್ನೇ ಈ ಹೊಣೆಗೆ ಕಟ್ಟುವ ಪ್ರಯತ್ನವಾಗಿದ್ದಿತು. ಮುಂದೆ ೧೯೬೫ರ ನೀರಾವರಿ ಕಾನೂನಿನ ಕಾಲಕ್ಕೆ ಇಲಾಖೆಗಳ ಆಡಳಿತವು ಬಲಗೊಂಡಿತು. ಇಲಾಖೆಯು ಹಣವನ್ನೂ ಯಂತ್ರವನ್ನೂ ತರಬಲ್ಲುದು. ನಡುರಾತ್ರಿಯಲ್ಲಿ ಮಳೆ ಹೊಯ್ಯುತ್ತಿರುವಾಗ ಕೋಡಿಯ ಕಸವನ್ನು ಬಿಡಿಸಲು ಲಾಂದ್ರ ಹಿಡಿದು ಹೊರಡುವವನನ್ನು ತರಲಾರದು. ಜಾತಿಯ ನೊಗವಿಲ್ಲದೆ, ನ್ಯಾಯವಾದ ಸಂಬಳದೊಡನೆ, ಆ ಮನುಷ್ಯನನ್ನು ಮತ್ತೆ ಹೇಗೆ ಪಡೆಯುವುದು? ನಮ್ಮ ಕಾಲದ ನಿಜವಾದ ಪ್ರಶ್ನೆ ಇದೇ.

೪

ಈ ಸೀಮೆಯು ಕಲಿಸುವ ಎರಡನೆಯ ಪಾಠವು ತಲಕಾಡಿನದು. ಗಂಗರ ರಾಜಧಾನಿಯಾಗಿಯೂ, ಚೋಳರ ಕೈಯಲ್ಲಿ ರಾಜರಾಜಪುರವಾಗಿಯೂ, ವಿಷ್ಣುವರ್ಧನನಿಗೆ 'ತಲಕಾಡುಗೊಂಡ'ನೆಂಬ ಬಿರುದನ್ನು ತಂದ ಊರಾಗಿಯೂ ಮೆರೆದ ಈ ಪಟ್ಟಣವು ಮರಳಿನಲ್ಲಿ ಮುಚ್ಚಿಹೋಯಿತು. ಇದಕ್ಕೆ ಜನರು ಹೇಳುವ ಕಾರಣವು ಎಲ್ಲರಿಗೂ ತಿಳಿದುದೇ. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಸಂದರ್ಭದಲ್ಲಿ ಅಲ್ಲಿಯ ವಿಜಯನಗರದ ಪ್ರತಿನಿಧಿಯ ಪತ್ನಿಯಾದ ಅಲಮೇಲಮ್ಮನು ಒಡವೆಗಳ ವಿಷಯದಲ್ಲಿ ಪೀಡಿತಳಾಗಿ, ತಲಕಾಡು ಮರಳಾಗಲೆಂದೂ ಮಾಲಂಗಿ ಮಡುವಾಗಲೆಂದೂ ಮೈಸೂರು ದೊರೆಗಳಿಗೆ ಸಂತಾನವಿಲ್ಲದಿರಲೆಂದೂ ಶಪಿಸಿ ಕಾವೇರಿಯಲ್ಲಿ ಬಿದ್ದಳೆಂಬುದು ಆ ಕಥೆ.

ಈ ಶತಮಾನದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳೂ ಕಾದಂಬರಿಕಾರರೂ ಆದ ಕೆ. ಎನ್. ಗಣೇಶಯ್ಯನವರು ಈ ಕಥೆಯ ಹಿಂದಣ ಪ್ರಕೃತಿವ್ಯಾಪಾರವನ್ನು ವಿಚಾರಿಸಿದರು. ತಲಕಾಡಿಗೆ ಮೇಲ್ಗಡೆಯಲ್ಲಿ ಕಾವೇರಿಗೆ ಅಡ್ಡಲಾಗಿ ಒಂದು ಅಣೆಕಟ್ಟುಂಟು. ೧೪ನೆಯ ಶತಮಾನದಲ್ಲಿದ್ದ ವಿಜಯನಗರದ ಮಾಧವಮಂತ್ರಿಯ ಹೆಸರು ಅದಕ್ಕೆ. ಕಟ್ಟೆಯಿಂದ ಹೊಳೆಯ ಹರಿವು ತಗ್ಗಿದುದರಿಂದ ಕೆಳಗಣ ತಿರುವಿನಲ್ಲಿ ಮರಳಿನ ಪಾತ್ರವು ಬಯಲಾಗಿ, ಅದರ ಮೇಲೆ ಬೀಸಿದ ಗಾಳಿಯು ಮರಳನ್ನು ಊರಿನ ಮೇಲೆ ಸುರಿಯಿತೆಂದೂ, ಜನರು ಆ ಪರಿಸರದ ಆಪತ್ತನ್ನು ಶಾಪದ ಕಥೆಯಾಗಿ ನೆನಪಿನಲ್ಲಿಟ್ಟುಕೊಂಡರೆಂದೂ ಅವರ ಅಭಿಪ್ರಾಯ. ಕಟ್ಟೆಯು ಶಾಪಕ್ಕಿಂತ ಎರಡು ಶತಮಾನಗಳಿಗೂ ಹಿಂದಿನದೆಂಬುದನ್ನು ನೆನೆದರೆ ಈ ವಾದಕ್ಕಿರುವ ಬಲವು ತಿಳಿಯುವುದು.

ಇದಕ್ಕೆ ಪೋಷಕವಾದ ವರ್ಣನೆಯೊಂದು ರೈಸರ ಮೈಸೂರು ಗೆಜೆಟಿಯರಿನಲ್ಲಿ ದೊರೆಯುವುದು. ಮರಳುದಿಬ್ಬಗಳು ಸುಮಾರು ಒಂದು ಮೈಲಿಯುದ್ದ ಹಬ್ಬಿದ್ದುವೆಂದೂ, ಅವು ವರ್ಷಕ್ಕೆ ೯-೧೦ ಅಡಿಗಳಂತೆ, ಮುಖ್ಯವಾಗಿ ನೈರುತ್ಯದ ಮುಂಗಾರಿನಲ್ಲಿ, ಊರಿನ ಮೇಲೆ ಏರಿಬರುತ್ತಿದ್ದುವೆಂದೂ, ನಿವಾಸಿಗಳು ಮನೆಗಳನ್ನು ಬಿಟ್ಟು ಹಿಂದೆ ಹಿಂದೆ ಸರಿಯಬೇಕಾಗುತ್ತಿದ್ದಿತೆಂದೂ ಅಲ್ಲಿ ಹೇಳಿದೆ. ಅಷ್ಟೇ ಅಲ್ಲದೆ, ಇಷ್ಟಾದರೂ ಊರಿನ ಜನಸಂಖ್ಯೆಯು ಹೆಚ್ಚುತ್ತಿರುವುದೆಂದೂ, ಮಾಧವಮಂತ್ರಿಯ ಅಣೆಕಟ್ಟಿನ ಕಾಲುವೆಯಿಂದಾದ ಸಮೃದ್ಧ ಬೇಸಾಯವೇ ಅದಕ್ಕೆ ಕಾರಣವೆಂದೂ ಅಲ್ಲಿಯೇ ಬರೆದಿದೆ. ಈ ಮಾತುಗಳನ್ನು ಗಣೇಶಯ್ಯನವರ ವಾದದೊಡನೆ ಸೇರಿಸಿ ಓದಿದರೆ ಒಂದು ವಿಚಿತ್ರವಾದ ಸಂಗತಿಯು ಹೊಳೆಯುವುದು. ಊರಿಗೆ ಅನ್ನವನ್ನು ಕೊಟ್ಟುದೂ, ಊರನ್ನು ಮರಳಿಗೆ ಒಪ್ಪಿಸಿದುದೂ ಒಂದೇ ಕಟ್ಟೆ.

ಮಾಧವಮಂತ್ರಿಯನ್ನು ದೂಷಿಸುವುದು ಇಲ್ಲಿಯ ಉದ್ದೇಶವಲ್ಲ. ಆ ಕಟ್ಟೆಯಿಂದ ಎಷ್ಟೋ ತಲೆಮಾರುಗಳು ಉಂಡಿರುವುವು. ಆದರೆ ಹೊಣೆಯೆಂಬುದು ಸದುದ್ದೇಶದಲ್ಲಿ ಮುಗಿಯುವುದಿಲ್ಲ; ಮಾಡಿದ ಕೆಲಸದ ಪರಿಣಾಮವನ್ನು ಮುಂದೆಯೂ ಕಣ್ಣಿಟ್ಟು ನೋಡುವುದು ಅದಕ್ಕೆ ಸೇರಿದುದು. ಮರಳು ಮೊದಲ ಬಾರಿಗೆ ಹಿತ್ತಿಲಿಗೆ ಬಂದು ಬಿದ್ದಾಗ ಅದು ಎಲ್ಲಿಂದ ಬಂದಿತೆಂದು ಕೇಳಿದ್ದರೆ, ಹೊಳೆಯ ತಡಿಯಲ್ಲಿ ಗಿಡಮರಗಳನ್ನು ನೆಟ್ಟು ತಡೆಯುವ ಉಪಾಯವಾದರೂ ತೋರುತ್ತಿದ್ದಿತು. ಈಗ ಆ ದಿಬ್ಬಗಳ ಮೇಲೆ ಮರಗಳು ನಿಂತಿರುವುದನ್ನು ಯಾತ್ರಿಕರು ನೋಡಬಹುದು. ಶಾಪದ ಕಥೆಯು ಒಬ್ಬ ಹೆಂಗಸಿನ ದುಃಖವನ್ನು ನಾಲ್ಕು ಶತಮಾನಗಳವರೆಗೆ ಉಳಿಸಿದುದು ಅದರ ಹಿರಿಮೆ. ಆದರೆ ಮರಳಿನ ಹೊಣೆಯನ್ನೆಲ್ಲ ಆ ಸತ್ತವಳ ಮೇಲೆ ಹೊರಿಸಿ ಬದುಕಿದ್ದವರನ್ನು ಬಿಡುಗಡೆಮಾಡಿದುದು ಅದರ ದೋಷ. ಶಾಸನದ ಶಾಪವು ಕೆಡಿಸುವವನ ಮೇಲೆ ಬೀಳುವುದು. ಕಥೆಯ ಶಾಪವು ಯಾರೂ ಏನೂ ಮಾಡಲಾಗದಂತೆ ಊರಿನ ಮೇಲೆ ಬೀಳುವುದು. ಒಂದು ಎಚ್ಚರಿಸುವುದು, ಇನ್ನೊಂದು ಕೈಕಟ್ಟುವುದು. ಇಂದು ಹವೆಯ ವೈಪರೀತ್ಯವನ್ನು ಕಾಲದ ಮಹಿಮೆಯೆಂದು ಸುಮ್ಮನಾಗುವವರು ಎರಡನೆಯ ಬಗೆಯ ಶಾಪವನ್ನೇ ನಂಬಿದವರು.

೫

ಒಂದು ಕಾಲದಲ್ಲಿ ಶಾಪವೆನಿಸಿದ ಮರಳು ಈಗ ಸರಕಾಗಿರುವುದು. ಮನೆ ಕಟ್ಟುವ ಕೆಲಸವು ಹೆಚ್ಚಿದಂತೆಲ್ಲ ಕಾವೇರಿ ಕಪಿಲೆಗಳ ಪಾತ್ರದಿಂದ ಮರಳನ್ನು ಅಕ್ರಮವಾಗಿ ತೆಗೆಯುವುದು ಈ ತಾಲ್ಲೂಕಿನಲ್ಲಿ ಬಹುಕಾಲದ ದೂರಾಗಿದೆ. ಹೊಳೆಯ ಮರಳಿನಿಂದ ಏನು ಉಪಯೋಗವೆಂದು ಕೇಳುವವರಿಗೆ ಅದರ ಕೆಲಸವನ್ನು ವಿವರಿಸುವುದು ಅವಶ್ಯಕ. ಮರಳಿನ ಕಣಗಳ ನಡುವೆ ನೀರು ನಿಲ್ಲುವುದು. ಪ್ರವಾಹವು ಇಳಿದಮೇಲೆ ಆ ನೀರು ಮೆಲ್ಲಮೆಲ್ಲನೆ ಒಸರಿ ಬೇಸಗೆಯ ಹರಿವನ್ನೂ ದಡದ ಬಾವಿಗಳನ್ನೂ ಪೋಷಿಸುವುದು. ಹಾಯುವ ನೀರು ಸೋಸಿ ತಿಳಿಯಾಗುವುದು. ಮೀನು ಮೊದಲಾದ ಜಲಚರಗಳಿಗೆ ಮೊಟ್ಟೆಯಿಡಲು ಎಡೆಯಾಗುವುದು. ಹೊಳೆಯು ವರ್ಷಕ್ಕೆ ತರುವುದಕ್ಕಿಂತ ಹೆಚ್ಚನ್ನು ತೆಗೆದರೆ ಪಾತ್ರವು ತಗ್ಗುವುದು, ಅದರೊಡನೆ ದಡದ ಅಂತರ್ಜಲವೂ ಇಳಿಯುವುದು, ಸೇತುವೆಗಳ ಬುಡವು ಬಯಲಾಗುವುದು, ದಡವು ಕುಸಿಯುವುದು. ಮೇಲೆ ದೊಡ್ಡ ಜಲಾಶಯಗಳನ್ನು ಕಟ್ಟಿದಮೇಲೆ ಹೊಸ ಮರಳು ಬರುವುದೂ ಕಡಿಮೆಯಾಗಿರುವುದರಿಂದ ಈ ನಷ್ಟವು ಬೇಗನೆ ತುಂಬತಕ್ಕುದಲ್ಲ.

ಸುಪ್ರೀಂ ಕೋರ್ಟು ೨೦೧೨ರ ಫೆಬ್ರವರಿಯಲ್ಲಿ, ೫ ಹೆಕ್ಟೇರಿಗೆ ಕಡಿಮೆಯಾದ ಸಣ್ಣ ಗಣಿಗುತ್ತಿಗೆಗಳಿಗೂ ಪರಿಸರದ ಅನುಮತಿಯು ಅವಶ್ಯಕವೆಂದು ಆಜ್ಞೆಮಾಡಿತು. ಆಜ್ಞೆಯು ಗುತ್ತಿಗೆದಾರನನ್ನು ಮುಟ್ಟುವುದು, ಕೊಳ್ಳುವವನನ್ನು ಮುಟ್ಟಲಾರದು. ಕದ್ದ ಮರಳನ್ನು ತುಂಬಿದ ಲಾರಿಯು ಕಡೆಗೆ ನಿಲ್ಲುವುದು ಒಬ್ಬ ಗೃಹಸ್ಥನ ಮನೆಯ ಮುಂದೆಯೇ. ಇದು ಎಲ್ಲಿಯದು, ರಹದಾರಿಯಿದೆಯೆ ಎಂದು ಅವನು ಕೇಳುವನೆ, ಕಲ್ಲನ್ನು ಪುಡಿಮಾಡಿದ ಎಂ-ಸ್ಯಾಂಡನ್ನು ಬಳಸಬಹುದಾದ ಕಡೆ ಬಳಸುವನೆ, ಎಂಬುದರ ಮೇಲೆ ಹೊಳೆಯ ಭವಿಷ್ಯವು ನಿಂತಿರುವುದು. ವೈಯಕ್ತಿಕ ಹೊಣೆಯೆಂಬುದು ದೊಡ್ಡ ತ್ಯಾಗದ ಮಾತೇನೂ ಅಲ್ಲ. ಎಷ್ಟೋ ವೇಳೆ ಅದು ಹಣ ಕೊಡುವ ಮುನ್ನ ಕೇಳತಕ್ಕ ಒಂದು ಪ್ರಶ್ನೆ.

೬

ಇನ್ನು ಗದ್ದೆಯ ವಿಚಾರ. ಬನ್ನೂರು ಭತ್ತದ ಸೀಮೆ, ಕಬ್ಬೂ ಹೇರಳ. ೧೯೧೧ರಲ್ಲಿ ಮೊದಲಾಗಿ ಎರಡು ದಶಕಗಳ ಕಾಲ ನಡೆದ ಕನ್ನಂಬಾಡಿಯ ಕಟ್ಟೆಯ ಕೆಲಸವು ಕಾವೇರಿಯ ಬಯಲಿಗೆ ನೀರಿನ ಭದ್ರತೆಯನ್ನು ತಂದಿತು. ೧೨೪.೮೦ ಅಡಿಯ ಮಟ್ಟಕ್ಕೆ ತುಂಬಿದಾಗ ಕೃಷ್ಣರಾಜಸಾಗರದಲ್ಲಿ ಸುಮಾರು ೪೯ ಟಿ. ಎಂ. ಸಿ., ಎಂದರೆ ೪೯ ಶತಕೋಟಿ ಘನ ಅಡಿ, ನೀರು ನಿಲ್ಲುವುದು. ಈ ಸಮೃದ್ಧಿಯಿಂದ ಹುಟ್ಟಿದ ಒಂದು ಭ್ರಮೆಯೆಂದರೆ ನೀರಿಗೆ ಕೊನೆಯಿಲ್ಲವೆಂಬುದು. ಕಾವೇರಿಯ ವಿವಾದದಲ್ಲಿ ಸುಪ್ರೀಂ ಕೋರ್ಟು ೨೦೧೮ರ ಫೆಬ್ರವರಿ ೧೬ರಂದು ಕೊಟ್ಟ ತೀರ್ಪಿನಂತೆ ಕರ್ನಾಟಕದ ಪಾಲು ೨೮೪.೭೫ ಟಿ. ಎಂ. ಸಿ. ಬೆಂಗಳೂರಿನ ಕುಡಿಯುವ ನೀರೂ ಬನ್ನೂರಿನ ಗದ್ದೆಯ ನೀರೂ ಇದರೊಳಗಿನದೇ. ಹೊಳೆಯಲ್ಲಿ ಇನ್ನು ಹೊಸ ಪಾಲಿಲ್ಲ. ಇರುವ ಪಾಲಿನಲ್ಲಿ ಉಳಿಸಿದುದೇ ಹೊಸ ನೀರು.

ಭತ್ತವು ನೀರಿನ ಬೆಳೆಯೆಂಬುದು ನಿಜ. ಆದರೆ ಗದ್ದೆಯಲ್ಲಿ ಸದಾ ನೀರು ನಿಂತಿರಲೇಬೇಕೆಂಬುದು ನಿಜವಲ್ಲ. ನಿಂತ ನೀರಿನ ದೊಡ್ಡ ಪ್ರಯೋಜನವು ಕಳೆಯನ್ನು ಅಡಗಿಸುವುದು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯು ಪ್ರಚಾರಕ್ಕೆ ತಂದಿರುವ ಕ್ರಮವೊಂದುಂಟು. ಪಕ್ಕದಲ್ಲಿ ರಂಧ್ರಗಳುಳ್ಳ ಕೊಳವೆಯೊಂದನ್ನು ಗದ್ದೆಯಲ್ಲಿ ಹೂಳುವುದು. ಅದರೊಳಗೆ ಕಾಣುವ ನೀರು ನೆಲಮಟ್ಟಕ್ಕಿಂತ ೧೫ ಸೆಂಟಿಮೀಟರು ಕೆಳಗಿಳಿಯುವವರೆಗೆ ಕಾಯ್ದು, ಆಮೇಲೆ ನೀರು ಕಟ್ಟುವುದು. ಹೂಬಿಡುವ ಕಾಲದಲ್ಲಿ ಮಾತ್ರ ನೀರನ್ನು ನಿಲ್ಲಿಸುವುದು. ಇದರಿಂದ ಇಳುವರಿಯು ಕುಗ್ಗದೆ ಶೇಕಡ ೩೦ರವರೆಗೂ ನೀರು ಉಳಿಯಬಲ್ಲುದೆಂದು ಕಂಡುಬಂದಿದೆ. ನಿಂತ ನೀರಿನ ಕೆಸರಿನಿಂದ ಏಳುವ ಮೀಥೇನ್ ಅನಿಲವೂ ಕಡಿಮೆಯಾಗುವುದು.

ಆದರೆ ಇಲ್ಲಿಯೂ ಒಂದು ತೊಡಕುಂಟು. ನಾಲೆಯಲ್ಲಿ ಇಂದು ಬಂದ ನೀರು ನಾಳೆ ಬರುವುದೆಂಬ ನಂಬಿಕೆಯಿಲ್ಲದವನು ಸಿಕ್ಕಿದಾಗಲೇ ಗದ್ದೆಯನ್ನು ತುಂಬಿಕೊಳ್ಳುವನ್ನಲ್ಲದೆ ಕೊಳವೆಯನ್ನು ನೋಡುತ್ತ ಕುಳಿತಿರಲಾರನು. ಅವನ ದುರಾಶೆಯಂತೆ ಕಾಣುವುದು ಬಹುಮಟ್ಟಿಗೆ ಅವನ ಭಯ. ಮೇಲ್ಭಾಗದವನು ಹೆಚ್ಚಾಗಿ ಹಾಯಿಸಿದ ನೀರು ಅವನಿಗೂ ಒಳಿತುಮಾಡದು. ನೆಲವು ಜೌಗಾಗಿ ಉಪ್ಪೇರುವುದು. ತುದಿಯ ಗದ್ದೆಯವನಿಗಾದರೋ ಸಸಿಯೇ ಒಣಗುವುದು. ಹೀಗಿರುವಲ್ಲಿ ವ್ಯಕ್ತಿಯ ಸಂಯಮಕ್ಕೆ ಸಮುದಾಯದ ನಂಬಿಕೆಯು ಆಧಾರವಾಗಿರಬೇಕು. ಸರದಿಯನ್ನು ಗೊತ್ತುಮಾಡಿ ಅದನ್ನು ಪಕ್ಷಪಾತವಿಲ್ಲದೆ ನಡೆಸುವವನೊಬ್ಬನಿದ್ದರೆ ಮಾತ್ರ ರೈತನು ತನ್ನ ಸರದಿಗೆ ಕಾಯುವನು. ಹಳೆಯ ನೀರುಗಂಟಿಯ ಕೆಲಸವು ಇಲ್ಲಿ ಮತ್ತೆ ನೆನಪಾಗುವುದು.

೭

ಭಾರತದ ಸಂವಿಧಾನಕ್ಕೆ ೧೯೭೬ರಲ್ಲಿ ಆದ ೪೨ನೆಯ ತಿದ್ದುಪಡಿಯಿಂದ ೫೧ಎ ಅನುಚ್ಛೇದವು ಸೇರಿತು. ಕಾಡು, ಸರೋವರ, ನದಿ, ವನ್ಯಜೀವಿಗಳನ್ನೊಳಗೊಂಡ ಪ್ರಕೃತಿಯನ್ನು ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು ಅದರಲ್ಲಿ ಹೇಳಿದೆ. ಇದು ಉದಾತ್ತವಾದ ವಿಧಿ. ಜಾತಿಭೇದವಿಲ್ಲದೆ ಎಲ್ಲರನ್ನೂ ಸಮವಾಗಿ ಹೊಣೆಗಾರರನ್ನಾಗಿ ಮಾಡಿರುವುದು ಬಿತ್ತುವಟ್ಟದ ಕಾಲಕ್ಕಿಂತ ದೊಡ್ಡ ಮುನ್ನಡೆ. ಆದರೆ ಬಿತ್ತುವಟ್ಟದಲ್ಲಿದ್ದ ಹೆಸರು, ಗೊತ್ತಾದ ಕೆಲಸ, ಪ್ರತಿಫಲ, ಸಾಕ್ಷಿ, ಈ ನಾಲ್ಕೂ ಇದರಲ್ಲಿಲ್ಲ. ಈ ವಿಧಿಗೆ ಆ ನಾಲ್ಕನ್ನು ಊರೂರಿನಲ್ಲಿ ಸೇರಿಸಿಕೊಡುವುದೇ ಉಳಿದಿರುವ ಕೆಲಸ.

ಯಾವ ಪ್ರತಿಫಲವನ್ನೂ ಬಯಸದೆ ಹೊಣೆಯನ್ನು ಹೊತ್ತವರು ನಮ್ಮ ಕಾಲದಲ್ಲಿಯೂ ಇಲ್ಲದೆ ಇಲ್ಲ. ಬನ್ನೂರಿಗೆ ನೆರೆಯಾದ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯಲ್ಲಿ ಕುರಿ ಕಾಯುತ್ತಿದ್ದ ಕಾಮೇಗೌಡರು ಬೆಟ್ಟದ ಪ್ರಾಣಿಪಕ್ಷಿಗಳಿಗೆ ನೀರು ಸಿಗಲೆಂದು ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ತೋಡಿಸಿ ೨೦೨೦ರಲ್ಲಿ ದೇಶದಲ್ಲೆಲ್ಲ ಹೆಸರಾದರು, ೨೦೨೨ರಲ್ಲಿ ತೀರಿಕೊಂಡರು. ಅದೇ ತಾಲ್ಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನರು ನೂರಾರು ನಾಟಿ ಭತ್ತದ ತಳಿಗಳನ್ನು ತಮ್ಮ ಹೊಲದಲ್ಲಿ ವರ್ಷವರ್ಷವೂ ಬಿತ್ತಿ ಉಳಿಸಿಕೊಂಡು ಬಂದಿರುವರು. ತಳಿಯ ವಿಷಯದಲ್ಲಿ ಪಾಲನವೆಂದರೆ ಬಿತ್ತುವುದೇ. ಬಿತ್ತದ ಬೀಜವು ಕೆಲವು ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದು. ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯು ದೊರೆತಿದೆ. ಆದರೆ ಸೊರಗುರೋಗದಿಂದ ತೋಟಗಳು ಕುಗ್ಗಿದ ಮೇಲೆ ಆ ಹೆಸರನ್ನು ಬದುಕಿಸುವುದು ರೋಗವಿಲ್ಲದ ಕಂದುಗಳನ್ನು ನೆಡುವ ರೈತನೇ ಹೊರತು ಪ್ರಮಾಣಪತ್ರವಲ್ಲ. ಸಣ್ಣ ಮೈಕಟ್ಟಿನ, ಮಾಂಸಕ್ಕೆ ಹೆಸರಾದ ಬನ್ನೂರು ಕುರಿಯ ಮಾತೂ ಇದೇ. ಹೆಸರಿನಲ್ಲಿ ಮಾರುವವರು ಬಹುಮಂದಿ, ಬೆರಕೆಯಾಗದ ತಳಿಯನ್ನು ಸಾಕುವವರು ಕೆಲವರು.

ಇಂಥವರನ್ನು ಹೊಗಳುವುದರಿಂದಲೇ ನಮ್ಮ ಕೆಲಸವು ಮುಗಿಯಿತೆಂದುಕೊಂಡರೆ ಅದು ಆತ್ಮವಂಚನೆ. ಕಟ್ಟೆಯನ್ನು ತೋಡಿಸಿದವನು ಕಣ್ಮುಚ್ಚಿದಮೇಲೆ ಅದರ ಹೂಳನ್ನು ಎತ್ತುವವನ ಹೆಸರನ್ನು ಗೊತ್ತುಮಾಡದ ಸಮಾಜವು ದಾನವನ್ನು ಪಡೆದು ಪಾಲನವನ್ನು ಮರೆತ ಸಮಾಜವಾಗುವುದು.

ಪ್ರತಿಯೊಂದು ಕೆರೆಗೂ ಒಂದು ಪುಸ್ತಕವಿರಲಿ. ಅದರಲ್ಲಿ ಏರಿಯ ಅಳತೆ, ತೂಬು ಕೋಡಿಗಳ ಸ್ಥಿತಿ, ಮೇರೆ, ಕಡೆಯ ಬಾರಿ ಹೂಳೆತ್ತಿದ ವರ್ಷ ಇವುಗಳನ್ನು ಬರೆಯಲಿ. ಗ್ರಾಮಸಭೆಯು ವರ್ಷಕ್ಕೊಮ್ಮೆ, ಯಾವ ಕೆಲಸವು ಯಾರದೆಂದು ಹೆಸರು ಹಿಡಿದು ಓದಿಸಲಿ. ನೀರು ಬಿಡುವವನಿಗೆ ಹುಟ್ಟಿನ ಹಂಗಿಲ್ಲದೆ, ಅಚ್ಚುಕಟ್ಟುದಾರರೆಲ್ಲರೂ ಕೂಡಿ ತಕ್ಕ ಸಂಬಳವನ್ನು ಕೊಡಲಿ. ಹೂಳನ್ನು ಪರೀಕ್ಷಿಸಿ, ವಿಷವಿಲ್ಲದಿದ್ದರೆ ಹೊಲಕ್ಕೆ ಹಾಕಿಕೊಳ್ಳುವ ಹಳೆಯ ರೂಢಿಯು ಮರಳಲಿ. ಇವು ದೊಡ್ಡ ಹಣವನ್ನು ಬೇಡುವ ಕೆಲಸಗಳಲ್ಲ.

ಕಡೆಯದಾಗಿ, ಈ ಪತ್ರಿಕೆಯನ್ನು ಓದುವ ವಿದ್ವಾಂಸರಲ್ಲಿಯೂ ಹಳ್ಳಿಗಳ ಉಪಾಧ್ಯಾಯರಲ್ಲಿಯೂ ಒಂದು ಬಿನ್ನಹ. ಕೆರೆಯ ಶಾಸನಗಳನ್ನು ಈವರೆಗೆ ರಾಜರ ಕಾಲವನ್ನು ನಿರ್ಣಯಿಸಲು ಬಹುವಾಗಿ ಉಪಯೋಗಿಸಿರುವೆವು. ಅವುಗಳನ್ನು ಆಯಾ ಕೆರೆಯ ಏರಿಯ ಮೇಲೆಯೇ ನಿಂತು, ಊರವರ ಮುಂದೆ, ಈಗಿನ ಮಾತಿನಲ್ಲಿ ಓದಿ ಹೇಳಿದರೆ ಅವು ಬರೆಯಿಸಿದವನ ಉದ್ದೇಶಕ್ಕೆ ಹೆಚ್ಚು ಹತ್ತಿರವಾಗುವುವು. ಕಲ್ಲಿನಲ್ಲಿ ಒಬ್ಬನ ಹೆಸರಿರುವುದನ್ನು ಕೇಳಿದವರು, ಈಗ ಆ ಜಾಗದಲ್ಲಿ ಯಾರ ಹೆಸರಿರಬೇಕೆಂದು ತಾವಾಗಿಯೇ ಕೇಳಿಯಾರು. ಆ ಪ್ರಶ್ನೆಯು ಹುಟ್ಟಿದ ಊರಿನ ಕೆರೆಗೆ ಅರ್ಧ ಹೂಳು ತೆಗೆದಂತೆಯೇ ಸರಿ.